ಮಲೆನಾಡಿನಲ್ಲಿ ವಾಹನದ ಟೈರ್: ಸುರಕ್ಷಿತ ಸಂಗ್ರಹಣೆ ಮತ್ತು ಬದಲಾಯಿಸಬೇಕಾದ ಸಮಯ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆಗಳು ಒಂದಕ್ಕೊಂದು ದೂರ. ತೋಟದ ಅಂಚಿನ ಒಂಟಿ ಮನೆಯಿಂದ ಡಾಂಬರು ರಸ್ತೆಯನ್ನು ತಲುಪಲು ಒಂದೆರಡು ಕಿಲೋಮೀಟರ್ ಮಣ್ಣುದಾರಿ, ಅಲ್ಲಿಂದ ಪೇಟೆಗೆ ಮತ್ತಷ್ಟು ಏರಿಳಿತ. ರಾತ್ರಿ ಹೊತ್ತಿನಲ್ಲಿ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ, ಅಂಗಳದಲ್ಲಿ ನಿಂತಿರುವ ಕಾರು ಅಥವಾ ಜೀಪೇ ಆಂಬುಲೆನ್ಸ್. ತೀರ್ಥಹಳ್ಳಿಯವರು ಮಣಿಪಾಲಕ್ಕೆ ಹೋಗಬೇಕಾದರೆ ಆಗುಂಬೆ ಘಾಟಿಯ ತಿರುವುಗಳನ್ನು ಇಳಿಯಬೇಕು. ಹೊಸನಗರದ ಕಡೆಯವರು ಕುಂದಾಪುರಕ್ಕೆ ಹುಲಿಕಲ್ ಘಾಟಿಯಲ್ಲಿ ಇಳಿಯಬೇಕು. ಇಂತಹ ಪ್ರಯಾಣದಲ್ಲಿ ವಾಹನ ಮತ್ತು ರಸ್ತೆಯ ನಡುವೆ ಇರುವುದು ಪ್ರತಿ ಚಕ್ರಕ್ಕೆ ಅಂಗೈಯಷ್ಟು ಅಗಲದ ರಬ್ಬರ್ ಮಾತ್ರ.

ಆದರೂ ಕೃಷಿಕರ ಮನೆಯಲ್ಲಿ ಅತಿ ಕಡಿಮೆ ಗಮನ ಪಡೆಯುವ ವಸ್ತುಗಳಲ್ಲಿ ಟೈರ್ ಒಂದು. "ಹಲ್ಲು ಇನ್ನೂ ಚೆನ್ನಾಗಿದೆ" ಎಂಬ ಒಂದೇ ಕಾರಣಕ್ಕೆ ಹತ್ತು ವರ್ಷ ಹಳೆಯ ಟೈರನ್ನು ಬಳಸುವವರಿದ್ದಾರೆ. ಕಳಚಿದ ಟೈರನ್ನು ಕೊಟ್ಟಿಗೆಯ ಹಿಂದೆ ಮಳೆಗೆ ಬಿಟ್ಟು, ಮುಂದೆ ಬೇಕಾದೀತೆಂದು ಮರೆತುಬಿಡುವವರೂ ಇದ್ದಾರೆ. ಮೊದಲನೆಯದು ರಸ್ತೆಯಲ್ಲಿ ಅಪಾಯ ತರುತ್ತದೆ, ಎರಡನೆಯದು ಮನೆಯೊಳಗೆ ಜ್ವರ ತರುತ್ತದೆ. ಈ ಎರಡನ್ನೂ ತಡೆಯಲು ಬೇಕಾದ ಮಾಹಿತಿಯನ್ನು ಮಲೆನಾಡಿನ ಪರಿಸ್ಥಿತಿಗೆ ಹೊಂದುವಂತೆ ಇಲ್ಲಿ ಕೊಡಲಾಗಿದೆ. ಕಾರಿನ ಟೈರನ್ನು ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದರೂ ಜೀಪು, ಪಿಕಪ್ ವಾಹನ, ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್‌ಗಳಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಓಡದಿದ್ದರೂ ಟೈರ್ ಹಳೆಯದಾಗುವುದೇಕೆ?

ಟೈರ್ ಎಂದರೆ ಕೇವಲ ರಬ್ಬರ್ ಅಲ್ಲ. ನೈಸರ್ಗಿಕ ಮತ್ತು ಕೃತಕ ರಬ್ಬರನ್ನು ಇಂಗಾಲದ ಪುಡಿ, ಗಂಧಕ, ಎಣ್ಣೆ ಮತ್ತು ರಕ್ಷಕ ರಾಸಾಯನಿಕಗಳೊಡನೆ ಬೆರೆಸಿ, ಒಳಗೆ ನೂಲು ಹಾಗೂ ಉಕ್ಕಿನ ತಂತಿಯ ಪದರಗಳನ್ನು ಇಟ್ಟು ಬೇಯಿಸಿ ತಯಾರಿಸಲಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ರಬ್ಬರಿನ ಅಣುಗಳನ್ನು ನಿಧಾನವಾಗಿ ಒಡೆಯುತ್ತವೆ. ಇದನ್ನು ತಡೆಯಲು ಟೈರಿನೊಳಗೆ ಮೇಣದಂತಹ ಪದಾರ್ಥವನ್ನು ಸೇರಿಸಿರುತ್ತಾರೆ. ಚಕ್ರ ಉರುಳಿ ರಬ್ಬರ್ ಬಳುಕಿದಾಗ ಈ ಮೇಣ ಮೇಲ್ಮೈಗೆ ಬಂದು ತೆಳುವಾದ ರಕ್ಷಣೆಯ ಪೊರೆಯಾಗುತ್ತದೆ. ವಾಹನ ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಮೇಣ ಹೊರಗೆ ಬರುವುದು ಕಡಿಮೆಯಾಗಿ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಹೆಚ್ಚು ಓಡಿಸದ ವಾಹನದ ಟೈರ್ ಬೇಗ ಬಿರಿಯುವುದಕ್ಕೆ ಇದು ಒಂದು ಕಾರಣ.

ಒಂದು ಲೆಕ್ಕ ನೋಡಿ. ತೋಟದ ಮನೆಯ ಕಾರು ವರ್ಷಕ್ಕೆ 5,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಟೈರಿನ ಹಲ್ಲು 45,000 ಕಿ.ಮೀ. ಬಾಳುವಂತಿದ್ದರೆ ಅದು ಸವೆಯಲು 9 ವರ್ಷ ಬೇಕು. ಆದರೆ ಅಷ್ಟರೊಳಗೆ ರಬ್ಬರ್ ತನ್ನ ಮೃದುತ್ವವನ್ನು ಬಹಳಷ್ಟು ಕಳೆದುಕೊಂಡಿರುತ್ತದೆ. ಗಡುಸಾದ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಬೆಂಗಳೂರಿನ ಟ್ಯಾಕ್ಸಿಯ ಟೈರ್ ಸವೆದು ಮುಗಿಯುತ್ತದೆ. ನಮ್ಮಲ್ಲಿನ ಕಾರಿನ ಟೈರ್ ಸವೆಯುವ ಮೊದಲೇ ಮುಪ್ಪಾಗುತ್ತದೆ. ಆದ್ದರಿಂದ ಈ ಭಾಗದ ಕೃಷಿಕರು ಹಲ್ಲಿಗಿಂತ ಮೊದಲು ತಾರೀಖನ್ನು ನೋಡುವುದು ಒಳ್ಳೆಯದು.

ಎಲ್ಲಿ ಇಡಬಾರದು?

ಟೈರ್ ಸಂಗ್ರಹಿಸಲು ತಂಪಾದ, ಒಣಗಿದ, ಬೆಳಕು ಕಡಿಮೆಯಿರುವ ಸ್ಥಳ ಬೇಕು ಎಂದು ತಯಾರಕರೆಲ್ಲರೂ ಹೇಳುತ್ತಾರೆ. 25 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶ ಉತ್ತಮ. ಆದರೆ ಅಡಿಕೆ ಬೆಳೆಗಾರರ ಮನೆಯ ಉಗ್ರಾಣದಲ್ಲಿ ಏನೇನಿರುತ್ತದೆ ಎಂಬುದನ್ನು ಆ ಸಲಹೆ ಗಣನೆಗೆ ತೆಗೆದುಕೊಂಡಿಲ್ಲ.

ಮೊದಲನೆಯದು ಮೈಲುತುತ್ತ. ಕೊಳೆ ರೋಗಕ್ಕೆ ಮುಂಗಾರಿಗೆ ಮುನ್ನ ಒಮ್ಮೆ, ಸುಮಾರು 40–45 ದಿನಗಳ ನಂತರ ಮತ್ತೊಮ್ಮೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮಲ್ಲಿ ರೂಢಿ. ಅದಕ್ಕಾಗಿ ತಂದ ಮೈಲುತುತ್ತದ ಚೀಲ, ಉಳಿದ ದ್ರಾವಣದ ಡ್ರಮ್ಮು, ಸಿಂಪಡಣೆಯ ಪೈಪು ಎಲ್ಲವೂ ಒಂದೇ ಕೋಣೆಯಲ್ಲಿ ಇರುತ್ತವೆ. ಸ್ಟೆಪ್ನಿ ಅಥವಾ ಹೊಸದಾಗಿ ತಂದ ಟೈರನ್ನೂ ಅಲ್ಲೇ ಒರಗಿಸಿ ಇಡಲಾಗುತ್ತದೆ. ತಾಮ್ರ ಮತ್ತು ಅದರ ಲವಣಗಳು ರಬ್ಬರಿಗೆ ವಿಷವಿದ್ದಂತೆ. ಆಮ್ಲಜನಕ ರಬ್ಬರನ್ನು ಒಡೆಯುವ ಕ್ರಿಯೆಯನ್ನು ಅವು ತೀವ್ರಗೊಳಿಸುತ್ತವೆ. ಈ ಭಾಗದ ರಬ್ಬರ್ ಬೆಳೆಗಾರರಿಗೆ ಇದು ಹೊಸ ಸಂಗತಿಯಲ್ಲ: ಹಾಲಿಗೆ ತಾಮ್ರದ ಅಂಶ ತಗುಲಿದರೆ ಶೀಟು ಅಂಟಂಟಾಗಿ ಕೆಡುತ್ತದೆ ಎಂಬುದನ್ನು ಅವರು ಬಲ್ಲರು. ಬೇಯಿಸಿದ ಟೈರಿನಲ್ಲಿ ರಕ್ಷಕ ಪದಾರ್ಥಗಳಿರುವುದರಿಂದ ಒಂದೇ ದಿನದಲ್ಲಿ ಹಾನಿ ಕಾಣುವುದಿಲ್ಲ. ಆದರೆ ವರ್ಷಗಟ್ಟಲೆ ಮೈಲುತುತ್ತದ ಪುಡಿ ಅಂಟಿಕೊಂಡಿದ್ದರೆ ಟೈರಿನ ಆಯುಷ್ಯ ಕಡಿಮೆಯಾಗುತ್ತದೆ. ಆದ್ದರಿಂದ ಟೈರನ್ನೂ ಮೈಲುತುತ್ತವನ್ನೂ ಒಂದೇ ಕೋಣೆಯಲ್ಲಿ ಇಡದಿರಿ. ದ್ರಾವಣದ ಡ್ರಮ್ಮುಗಳನ್ನು ಸಾಗಿಸಿದ ಪಿಕಪ್, ಟ್ರೇಲರ್ ಅಥವಾ ಟಿಲ್ಲರ್‌ನ ಚಕ್ರಗಳಿಗೆ ದ್ರಾವಣ ಚೆಲ್ಲಿದ್ದರೆ ಅದೇ ದಿನ ಸಾಕಷ್ಟು ನೀರಿನಿಂದ ತೊಳೆಯಿರಿ. ಸಿಂಪಡಣೆಯ ಪೈಪುಗಳಿಗೂ ಇದೇ ಕ್ರಮ ಒಳ್ಳೆಯದು.

ಎರಡನೆಯದು ವಿದ್ಯುತ್ ಯಂತ್ರಗಳು. ಕಿಡಿ ಹಾರುವ ಮೋಟಾರು, ವೆಲ್ಡಿಂಗ್ ಯಂತ್ರ, ಬ್ಯಾಟರಿ ಚಾರ್ಜರ್ ಇವುಗಳ ಸುತ್ತ ಓಝೋನ್ ಉಂಟಾಗುತ್ತದೆ. ಅಡಿಕೆ ಸುಲಿಯುವ ಯಂತ್ರ ಇರುವ ಕೋಣೆ ಮತ್ತು ಇನ್ವರ್ಟರ್ ಬ್ಯಾಟರಿ ಇಟ್ಟ ಮೂಲೆ ಟೈರಿಗೆ ಸೂಕ್ತವಲ್ಲ.

ಮೂರನೆಯದು ಶಾಖ. ಅಡಿಕೆ ಬೇಯಿಸುವ ಒಲೆಯ ಪಕ್ಕದ ಗೋಡೆ, ಬಚ್ಚಲೊಲೆಯ ಮೇಲಿನ ಅಟ್ಟ, ತಗಡಿನ ಮಾಡಿನ ಕೆಳಗಿನ ಎತ್ತರದ ಜಾಗ ಇವು ಒಣಗಿರುತ್ತವೆ ನಿಜ, ಆದರೆ ಏಪ್ರಿಲ್ ತಿಂಗಳಲ್ಲಿ ಕಾದು ಬೇಯುತ್ತವೆ. ಡೀಸೆಲ್, ಪೆಟ್ರೋಲ್, ಗ್ರೀಸ್, ಕಳೆ ಕತ್ತರಿಸುವ ಯಂತ್ರದ ಎಣ್ಣೆ ಇವುಗಳ ಸಂಪರ್ಕದಿಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ಚೆಲ್ಲಿದ ನೆಲದ ಮೇಲೆ ಟೈರ್ ಇಡಬಾರದು. ಟೈರಿಗೆ ಹೊಳಪು ಬರಲೆಂದು ಡೀಸೆಲ್ ಅಥವಾ ಸುಟ್ಟ ಎಂಜಿನ್ ಆಯಿಲ್ ಒರೆಸುವ ಪದ್ಧತಿ ಕೆಲವೆಡೆ ಇದೆ. ಅದನ್ನು ಇಂದೇ ಬಿಡಿ.

ಹಾಗಾದರೆ ಎಲ್ಲಿ ಇಡಬೇಕು? ಹೆಂಚಿನ ಮಾಡಿರುವ, ಗಾಳಿಯಾಡುವ, ನೇರ ಬಿಸಿಲು ಬೀಳದ ಪಡಸಾಲೆಯ ಒಳಭಾಗ ಅಥವಾ ಭತ್ತದ ಕೋಣೆಯ ಮೂಲೆ ಸಾಕು. ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಮರದ ಹಲಗೆ ಅಥವಾ ಅಡಿಕೆ ದಬ್ಬೆಯ ಅಟ್ಟಣೆ ಹಾಕಿ ಅದರ ಮೇಲಿಡಿ. ಹುಲ್ಲು, ಸೌದೆ, ಅಡಿಕೆ ಸಿಪ್ಪೆಯ ರಾಶಿಯಿಂದ ದೂರವಿರಲಿ. ಟೈರಿಗೆ ಬೆಂಕಿ ಹತ್ತಿಕೊಂಡರೆ ನಂದಿಸುವುದು ಬಹಳ ಕಷ್ಟ.

ಇಡುವ ವಿಧಾನ

ಕಳಚಿದ ಟೈರನ್ನು ಸಾಬೂನು ನೀರಿನಿಂದ ತೊಳೆದು, ಹಲ್ಲುಗಳ ನಡುವೆ ಸಿಕ್ಕಿದ ಕಲ್ಲು ಮತ್ತು ಮೊಳೆಗಳನ್ನು ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ. ಒಳಭಾಗದಲ್ಲಿ ಒಂದು ಹನಿ ನೀರೂ ಉಳಿಯಬಾರದು. ಸಣ್ಣ ಗಾಯವಿದ್ದರೂ ಅದರ ಮೂಲಕ ತೇವ ಒಳಸೇರಿ ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಹೊರಗೆ ಏನೂ ಕಾಣದೆ ಒಳಗಿನ ಪದರ ಬಿಟ್ಟುಕೊಂಡಿರುತ್ತದೆ.

ಗಾಳಿಯಾಡದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವಂತೆ ಹಲವು ಕಡೆ ಸಲಹೆ ನೀಡುತ್ತಾರೆ. ಒಣ ಹವೆಯ ಊರಿಗೆ ಅದು ಸರಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದರೆ ತೇವವನ್ನೂ ಸೇರಿಸಿ ಕಟ್ಟಿದಂತಾಗುತ್ತದೆ. ಚೀಲ ಬಳಸುವುದಾದರೆ ಬೇಸಿಗೆಯ ಒಣ ದಿನದಲ್ಲಿ, ಟೈರ್ ಸಂಪೂರ್ಣ ಒಣಗಿದ ಮೇಲೆ ಮಾತ್ರ ಕಟ್ಟಿ. ಮಳೆಗಾಲದಲ್ಲಿ ಇಡಬೇಕಾದರೆ ಹಳೆಯ ಹತ್ತಿ ಬಟ್ಟೆ ಅಥವಾ ಗೋಣಿಚೀಲ ಹೊದಿಸುವುದೇ ಮೇಲು.

ರಿಮ್ ಇಲ್ಲದ ಟೈರನ್ನು ನಿಲ್ಲಿಸಿ ಇಡಬೇಕು. ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ ನೆಲಕ್ಕೆ ತಾಗುವ ಭಾಗವನ್ನು ಬದಲಿಸಬೇಕು. ಅದನ್ನು ಮೊಳೆಗೆ ಅಥವಾ ಹಗ್ಗಕ್ಕೆ ನೇತುಹಾಕಿದರೆ ಅಂಚಿನ ತಂತಿಯ ಆಕಾರ ಕೆಡುತ್ತದೆ. ರಿಮ್ ಸಹಿತ ಇರುವ ಚಕ್ರಕ್ಕೆ ಇದರ ತದ್ವಿರುದ್ಧ ಕ್ರಮ: ಗಾಳಿ ತುಂಬಿ, ಒಂದರ ಮೇಲೊಂದು ಮಲಗಿಸಿ ಇಡಬಹುದು ಅಥವಾ ರಿಮ್ಮಿನಿಂದ ತೂಗುಹಾಕಬಹುದು, ನಿಲ್ಲಿಸಿ ಇಡಬಾರದು. ಯಾವ ಚಕ್ರದಿಂದ ಕಳಚಿದ್ದು ಎಂಬುದನ್ನು ಸೀಮೆಸುಣ್ಣದಿಂದ ಬರೆದಿಟ್ಟರೆ ಮತ್ತೆ ಜೋಡಿಸುವಾಗ ಗೊಂದಲವಿರುವುದಿಲ್ಲ. ಮೂಲೆಯಲ್ಲಿಟ್ಟ ಟೈರನ್ನು ಎತ್ತುವ ಮುನ್ನ ಕೋಲಿನಿಂದ ತಟ್ಟಿ ನೋಡಿ. ಚೇಳು, ಹಾವು, ಇಲಿ ಇವುಗಳಿಗೆ ಟೈರಿನ ಒಳಭಾಗ ಹೇಳಿ ಮಾಡಿಸಿದ ಗೂಡು.

ಮಳೆಗಾಲದಲ್ಲಿ ನಿಂತೇ ಇರುವ ವಾಹನ

ಮಗ ಬೆಂಗಳೂರಿನಲ್ಲಿ, ಕಾರು ಊರಲ್ಲಿ. ಇದು ಇಂದು ಅನೇಕ ಮನೆಗಳ ಸ್ಥಿತಿ. ಟ್ರ್ಯಾಕ್ಟರ್ ಮತ್ತು ಟಿಲ್ಲರ್‌ಗಳೂ ನಾಟಿಯ ಕೆಲಸ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲುತ್ತವೆ. ಟೈರಿನ ಗಾಳಿ ತಾನಾಗಿಯೇ ತಿಂಗಳಿಗೆ 1ರಿಂದ 2 ಪಿಎಸ್‌ಐ ಇಳಿಯುತ್ತದೆ. ನಾಲ್ಕು ತಿಂಗಳು ನೋಡದೆ ಬಿಟ್ಟರೆ 32 ಪಿಎಸ್‌ಐ ಇದ್ದದ್ದು 26ರ ಆಸುಪಾಸಿಗೆ ಬರಬಹುದು. ಅದೇ ಸ್ಥಿತಿಯಲ್ಲಿ ಐದು ಜನ ಕುಳಿತು ಹೊರಟರೆ ಟೈರಿನ ಪಕ್ಕದ ಗೋಡೆ ಅತಿಯಾಗಿ ಬಳುಕಿ ಬಿಸಿಯಾಗುತ್ತದೆ. ಟೈರ್ ಸಿಡಿಯಲು ಮುಖ್ಯ ಕಾರಣಗಳಲ್ಲಿ ಇದು ಒಂದು.

ವಾಹನವನ್ನು ನಿಲ್ಲಿಸುವ ಮುನ್ನ ತಯಾರಕರು ಸೂಚಿಸಿದ ಪ್ರಮಾಣಕ್ಕೆ ಗಾಳಿ ತುಂಬಿಸಿ. ಈ ಪ್ರಮಾಣ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಒಂದೆರಡು ಕಿಲೋಮೀಟರ್ ಓಡಿಸಿ. ಅದು ಸಾಧ್ಯವಾಗದಿದ್ದರೆ ಅಂಗಳದಲ್ಲೇ ಹಿಂದೆ ಮುಂದೆ ಮಾಡಿ ಚಕ್ರದ ಬೇರೆ ಭಾಗ ನೆಲಕ್ಕೆ ತಾಗುವಂತೆ ನಿಲ್ಲಿಸಿ. ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲವೆಂದಾದರೆ ಗಟ್ಟಿ ನೆಲದ ಮೇಲೆ ಸ್ಟ್ಯಾಂಡುಗಳನ್ನು ಕೊಟ್ಟು ಭಾರವನ್ನು ಚಕ್ರದಿಂದ ಇಳಿಸಬಹುದು. ಕೇವಲ ಜ್ಯಾಕಿನ ಮೇಲೆ ಅಥವಾ ಜಂಬಿಟ್ಟಿಗೆ ಕಲ್ಲಿನ ಮೇಲೆ ವಾಹನವನ್ನು ನಿಲ್ಲಿಸುವುದು ಅಪಾಯಕಾರಿ. ಮಳೆಗೆ ನೆಲ ಮೆತ್ತಗಾಗಿ ಕುಸಿಯುತ್ತದೆ.

ಸ್ಟೆಪ್ನಿಯನ್ನು ಮರೆಯಬೇಡಿ. ಪಂಕ್ಚರ್ ಆದ ಕ್ಷಣದಲ್ಲಿ ಸ್ಟೆಪ್ನಿಯಲ್ಲೂ ಗಾಳಿಯಿಲ್ಲ ಎಂಬುದು ತಿಳಿಯುವ ಜಾಗ ಸಾಮಾನ್ಯವಾಗಿ ಮೊಬೈಲ್ ಸಿಗ್ನಲ್ ಇಲ್ಲದ ಘಾಟಿಯೇ ಆಗಿರುತ್ತದೆ.

ನಿಂತ ನೀರು ಮತ್ತು ಜ್ವರ

ವಿಸ್ತರಣಾ ಕಾರ್ಯಕರ್ತರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗಿಂತ ಹೆಚ್ಚು, ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆಗಳೂ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳು. ಇಲ್ಲಿ ಹೊರಗೆ ಬಿಟ್ಟ ಟೈರಿನೊಳಗೆ ನೀರು ತುಂಬಲು ಒಂದು ಮಳೆ ಸಾಕು. ಟೈರಿನ ಆಕಾರವೇ ಹಾಗಿದೆ: ಮಲಗಿಸಿದರೂ, ನಿಲ್ಲಿಸಿದರೂ, ನೇತುಹಾಕಿದರೂ ಯಾವುದಾದರೂ ಒಂದು ಕಡೆ ನೀರು ನಿಲ್ಲುತ್ತದೆ. ಒಳಗೆ ಕತ್ತಲೆ, ತಂಪು, ಕೊಳೆತ ಎಲೆ. ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆ ಇಡಲು ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ಈ ಸೊಳ್ಳೆ ಮೊಟ್ಟೆಗಳನ್ನು ನೀರಿನೊಳಗೆ ಇಡದೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಟೈರಿನ ಒಳಗೋಡೆಗೆ ಅಂಟಿಸುತ್ತದೆ. ನೀರು ಒಣಗಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ; ಮುಂದಿನ ಮಳೆಗೆ ನೀರು ಏರಿದೊಡನೆ ಒಡೆಯುತ್ತವೆ. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಬೇಕು ಎಂಬ ಸಲಹೆ. ಆದರೆ ಚೆಲ್ಲಿದರೆ ಮಾತ್ರ ಸಾಲದು, ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕು. ಕಳೆದ ವರ್ಷದ ಟೈರನ್ನು ಒಣಗಿದೆ ಎಂದು ಒಳಗೆ ತಂದಿಡುವಾಗಲೂ ಹೀಗೆಯೇ ಉಜ್ಜಿ ತೊಳೆಯಬೇಕು.

ಟೈರ್ ಮತ್ತು ಸೊಳ್ಳೆಯ ಸಂಬಂಧ ಎಷ್ಟು ಗಟ್ಟಿ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಇದೆ. ನಮ್ಮ ತೋಟಗಳಲ್ಲಿ ಸಾಮಾನ್ಯವಾದ, ಕಾಲುಗಳಲ್ಲಿ ಬಿಳಿ ಪಟ್ಟೆಯಿರುವ ಈಡಿಸ್ ಆಲ್ಬೊಪಿಕ್ಟಸ್ ಮೂಲತಃ ಏಷ್ಯಾದ ಸೊಳ್ಳೆ. 1985ರಲ್ಲಿ ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ ನೆಲೆಯೂರಿರುವುದು ಪತ್ತೆಯಾಯಿತು. ಅದು ಅಲ್ಲಿಗೆ ತಲುಪಿದ್ದು ಏಷ್ಯಾದಿಂದ ಹಡಗಿನಲ್ಲಿ ಹೋದ ಹಳೆಯ ಟೈರುಗಳೊಳಗಿನ ಮೊಟ್ಟೆಯ ರೂಪದಲ್ಲಿ. ಸಮುದ್ರ ದಾಟಿ ಹೋಗಬಲ್ಲ ಮೊಟ್ಟೆಗೆ ಕೊಟ್ಟಿಗೆಯ ಹಿಂದೆ ಒಂದು ಬೇಸಿಗೆ ಕಳೆಯುವುದು ದೊಡ್ಡ ಮಾತಲ್ಲ. ಇದೇ ಸೊಳ್ಳೆ ತೋಟದಲ್ಲಿ ಉದುರಿದ ಅಡಿಕೆ ಹಾಳೆಯಲ್ಲೂ, ತೆಂಗಿನ ಚಿಪ್ಪಿನಲ್ಲೂ, ರಬ್ಬರ್ ಹಾಲಿನ ಬಟ್ಟಲಿನಲ್ಲೂ ನಿಂತ ನೀರಿನಲ್ಲಿ ಬೆಳೆಯುತ್ತದೆ. ಟೈರ್ ತೆಗೆದ ಮಾತ್ರಕ್ಕೆ ಕೆಲಸ ಮುಗಿಯದು, ಆದರೆ ಮನೆಗೆ ಅತಿ ಹತ್ತಿರದ ಮೂಲ ಅದೇ.

ಈ ಮೂರು ತಾಲ್ಲೂಕುಗಳ ಜನರಿಗೆ ಜ್ವರವೆಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಅದು ಉಣ್ಣೆಯಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹರಡುತ್ತದೆ. ಟೈರಿಗೂ ಅದಕ್ಕೂ ಸಂಬಂಧವಿಲ್ಲ. ಡೆಂಗಿ ಮಳೆಗಾಲದ್ದು. ಆದರೆ ಮೊದಲ ದಿನಗಳ ಜ್ವರ, ತಲೆನೋವು, ಮೈಕೈ ನೋವು ಎರಡರಲ್ಲೂ ಒಂದೇ ತೆರನಾಗಿ ಕಾಣಬಹುದು. ಇಲಿ ಜ್ವರವೂ ಹಾಗೆಯೇ ಆರಂಭವಾಗುತ್ತದೆ. ಮನೆಯಲ್ಲೇ ಊಹಿಸಿ ಮಾತ್ರೆ ನುಂಗುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಡೆಂಗಿಯ ಸಂಶಯವಿದ್ದಾಗ ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಯೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಸ್ಥಳದ ಮಾಲೀಕರಿಗೆ ದಂಡ ವಿಧಿಸಲು ಅವಕಾಶ ಮಾಡಿದೆ. ಗ್ರಾಮಾಂತರ ಪ್ರದೇಶವೂ ಇದರ ವ್ಯಾಪ್ತಿಗೆ ಬರುತ್ತದೆ.

ಟಾರ್ಪಾಲು ಹಾರದಂತೆ ಸೌದೆ ರಾಶಿ, ಗೊಬ್ಬರದ ರಾಶಿ ಅಥವಾ ಹುಲ್ಲಿನ ಬಣವೆಯ ಮೇಲೆ ಹಳೆಯ ಟೈರ್ ಹೇರುವ ರೂಢಿ ಇದೆ. ಇದಕ್ಕೆ ಬದಲಾಗಿ ಮರಳು ತುಂಬಿದ ಚೀಲಗಳನ್ನು ಬಳಸಿ. ಟೈರನ್ನೇ ಬಳಸುವುದಾದರೆ ಅದನ್ನು ಉದ್ದಕ್ಕೆ ಸೀಳಿ, ನೀರು ನಿಲ್ಲದಂತೆ ಬೋರಲು ಹಾಕಿ. ಕೇವಲ ತೂತು ಕೊರೆದರೆ ಎಲೆ, ಮಣ್ಣು ಕಟ್ಟಿಕೊಂಡು ತೂತು ಮುಚ್ಚುತ್ತದೆ. ರಸಮೇವಿನ ಗುಂಡಿಯ ಮೇಲೆ ಭಾರಕ್ಕೆಂದು ಹರಿದ ಟೈರ್ ಇಡುವವರು ಇನ್ನೊಂದು ಅಪಾಯವನ್ನೂ ತಿಳಿದಿರಬೇಕು: ಕೊಳೆತ ಟೈರಿನಿಂದ ಉದುರುವ ಉಕ್ಕಿನ ತಂತಿಯ ಚೂರು ಮೇವಿನೊಡನೆ ಹಸುವಿನ ಹೊಟ್ಟೆ ಸೇರಿ, ಎರಡನೆಯ ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಲ್ಲದು. ತಂತಿ ಹೊರಬಂದ ಟೈರ್ ಮೇವಿನ ಹತ್ತಿರ ಸುಳಿಯಬಾರದು.

ಯಾವಾಗ ಬದಲಾಯಿಸಬೇಕು?

ಮೊದಲು ವಯಸ್ಸನ್ನು ಓದಲು ಕಲಿಯಿರಿ. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಸಣ್ಣ ಚೌಕಟ್ಟಿನಲ್ಲಿ ಅಚ್ಚಾಗಿರುತ್ತದೆ. ಮೊದಲ ಎರಡು ಅಂಕಿ ವಾರವನ್ನು, ಕೊನೆಯ ಎರಡು ವರ್ಷವನ್ನು ಸೂಚಿಸುತ್ತವೆ. 2319 ಎಂದಿದ್ದರೆ 2019ರ 23ನೇ ವಾರ, ಅಂದರೆ ಜೂನ್ ಮೊದಲ ಭಾಗದಲ್ಲಿ ತಯಾರಾದದ್ದು. ಈ ಗುರುತು ಕೆಲವೊಮ್ಮೆ ಟೈರಿನ ಒಂದೇ ಬದಿಯಲ್ಲಿರುತ್ತದೆ. ಹೊರಗೆ ಕಾಣದಿದ್ದರೆ ಟಾರ್ಚ್ ಹಿಡಿದು ಒಳಬದಿಯಲ್ಲಿ ನೋಡಬೇಕು. ಗ್ರಾಮಸಭೆ ಅಥವಾ ರೈತ ತರಬೇತಿಗೆ ಬಂದವರ ವಾಹನಗಳನ್ನೇ ಬಳಸಿ ವಿಸ್ತರಣಾ ಕಾರ್ಯಕರ್ತರು ಇದನ್ನು ಹತ್ತು ನಿಮಿಷದಲ್ಲಿ ತೋರಿಸಬಹುದು. ತಮ್ಮ ಟೈರಿನ ವಯಸ್ಸು ಕಂಡು ಬೆರಗಾಗದವರು ಕಡಿಮೆ.

ಬಳಕೆಗೆ ತಂದು ಐದು ವರ್ಷ ಕಳೆದ ಟೈರನ್ನು ಪ್ರತಿ ವರ್ಷ ತಿಳಿದವರಿಂದ ಪರೀಕ್ಷಿಸಬೇಕು. ತಯಾರಾಗಿ ಹತ್ತು ವರ್ಷವಾದುದನ್ನು ಹಲ್ಲು ಎಷ್ಟೇ ಇರಲಿ ಬದಲಾಯಿಸಬೇಕು ಎಂಬುದು ಟೈರ್ ತಯಾರಕರ ಸಾಮಾನ್ಯ ಸಲಹೆ. ಕೆಲವು ವಾಹನ ತಯಾರಕರು ಆರು ವರ್ಷವೇ ಮಿತಿ ಎನ್ನುತ್ತಾರೆ. ಘಾಟಿಯಲ್ಲಿ ಓಡಾಡುವವರು, ಬಿಸಿಲು ಮಳೆಯಲ್ಲಿ ವಾಹನ ನಿಲ್ಲಿಸುವವರು ಆರೇಳು ವರ್ಷಕ್ಕೆ ಬದಲಾಯಿಸುವುದು ವಿವೇಕ. ಸ್ಟೆಪ್ನಿಗೂ ಇದೇ ಲೆಕ್ಕ. ಒಂದು ದಿನವೂ ನೆಲ ಮುಟ್ಟದ ಹತ್ತು ವರ್ಷದ ಸ್ಟೆಪ್ನಿ ಹೊಸದಲ್ಲ.

ಅನಂತರ ಹಲ್ಲಿನ ಆಳ. ಹೊಸ ಕಾರು ಟೈರಿನ ಗೆರೆಗಳು ಸುಮಾರು 7–8 ಮಿ.ಮೀ. ಆಳವಿರುತ್ತವೆ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿದ್ದು, ಅವು 1.6 ಮಿ.ಮೀ. ಎತ್ತರವಿರುತ್ತವೆ. ಪಕ್ಕದ ಗೋಡೆಯಲ್ಲಿರುವ ಸಣ್ಣ ತ್ರಿಕೋನ ಅಥವಾ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳ ನೇರಕ್ಕೆ ಅವನ್ನು ಹುಡುಕಬಹುದು. ಹಲ್ಲು ಈ ಉಬ್ಬಿನ ಮಟ್ಟಕ್ಕೆ ಸವೆದರೆ ಟೈರಿನ ಆಯುಷ್ಯ ಮುಗಿಯಿತು. ಆದರೆ ಇದು ಕೊನೆಯ ಮಿತಿ. ಗೆರೆಗಳ ಕೆಲಸ ಚಕ್ರದಡಿಯ ನೀರನ್ನು ಪಕ್ಕಕ್ಕೆ ತಳ್ಳುವುದು. ಆಳ 3 ಮಿ.ಮೀ.ಗಿಂತ ಕಡಿಮೆಯಾದಾಗಲೇ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ದೂರ ಗಮನಾರ್ಹವಾಗಿ ಹೆಚ್ಚುತ್ತದೆ. ಮೇ ತಿಂಗಳ ಕೊನೆಯಲ್ಲಿ ನಿಮ್ಮ ಕಾರಿನ ಟೈರ್ 3 ಮಿ.ಮೀ. ಆಸುಪಾಸಿನಲ್ಲಿದ್ದರೆ ಮಳೆಗಾಲ ಕಳೆಯಲಿ ಎಂದು ಮುಂದೂಡಬೇಡಿ. ಬದಲಾಯಿಸಬೇಕಾದದ್ದು ಮಳೆಗೆ ಮುಂಚೆ, ಅಡಿಕೆಯ ಹಣ ಬಂದ ನಂತರವಲ್ಲ.

ಹಲ್ಲು, ವಯಸ್ಸು ಎರಡೂ ಸರಿಯಿದ್ದರೂ ಕೆಲವು ಲಕ್ಷಣ ಕಂಡರೆ ಆ ಟೈರಿನಲ್ಲಿ ಪ್ರಯಾಣ ಬೇಡ. ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನಂತೆ ಉಬ್ಬು ಬಂದಿದ್ದರೆ ಒಳಗಿನ ನೂಲು ಹರಿದಿದೆ ಎಂದರ್ಥ. ಗುಂಡಿಗೆ ಇಳಿದಾಗ ಅಥವಾ ಕಲ್ಲಿಗೆ ಬಡಿದಾಗ ಹೀಗಾಗುತ್ತದೆ. ಬಿರುಕಿನೊಳಗೆ ಉಗುರು ಇಳಿಯುವಂತಿದ್ದರೆ, ತಂತಿ ಅಥವಾ ನೂಲು ಕಾಣುತ್ತಿದ್ದರೆ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಹೊಸದಾಗಿ ನಡುಗತೊಡಗಿದರೆ ತಕ್ಷಣ ತೋರಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ.

ಪಂಕ್ಚರ್ ನೆಲ ಮುಟ್ಟುವ ಭಾಗದಲ್ಲಿ ಆಗಿ, ತೂತು ಸುಮಾರು 6 ಮಿ.ಮೀ. ಒಳಗಿದ್ದರೆ ದುರಸ್ತಿ ಮಾಡಬಹುದು. ಟ್ಯೂಬ್‌ಲೆಸ್ ಟೈರಿಗೆ ಹೊರಗಿನಿಂದ ತುರುಕುವ ಹುರಿ ಊರು ತಲುಪಲು ಸಾಕು. ಆಮೇಲೆ ಟೈರ್ ಕಳಚಿ ಒಳಗಿನಿಂದ ಪ್ಯಾಚ್ ಹಾಕಿಸಿ. ಪಕ್ಕದ ಗೋಡೆಯ ತೂತಿಗೆ ದುರಸ್ತಿ ಇಲ್ಲ.

ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಅಳತೆ ಬೇರೆ. ಹಲ್ಲಿನ ಎತ್ತರ ಹೊಸದರ ನಾಲ್ಕನೇ ಒಂದು ಭಾಗಕ್ಕೆ ಇಳಿದಾಗ ಕೆಸರು ಗದ್ದೆಯಲ್ಲಿ ಚಕ್ರ ಜಾರಿ ಡೀಸೆಲ್ ಹಾಳಾಗುತ್ತದೆ. ಸಮತಟ್ಟಾದ ಗದ್ದೆಯಲ್ಲಿ ಅದನ್ನು ಸಹಿಸಬಹುದು. ಇಳಿಜಾರಿನ ತೋಟದ ದಾರಿಯಲ್ಲಿ ಗೊಬ್ಬರ ತುಂಬಿದ ಟ್ರೇಲರ್ ಎಳೆಯುವವರು ಸಹಿಸಬಾರದು.

ಕೊಳ್ಳುವಾಗ ಮತ್ತು ಜೋಡಿಸುವಾಗ

ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ತಾರೀಖಿನ ಗುರುತು ನೋಡಿ, ಐಎಸ್‌ಐ ಚಿಹ್ನೆ ಇದೆಯೇ ಪರಿಶೀಲಿಸಿ. ಅಂಗಡಿಯ ಮುಂದೆ ಬಿಸಿಲಿನಲ್ಲಿ ಜೋಡಿಸಿಟ್ಟ ಟೈರ್ ಬೇಡವೆನ್ನಿ, ಒಳಗಿನದನ್ನು ಕೇಳಿ. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಬಳಸಿದ ಟೈರುಗಳ ಒಳಗಿನ ಸ್ಥಿತಿ ಮಾರುವವರಿಗೂ ತಿಳಿದಿರುವುದಿಲ್ಲ. ಮರು ಹಲ್ಲು ಹಾಕಿಸಿದ ಟೈರನ್ನು ಟ್ರೇಲರಿಗೆ ಬಳಸಬಹುದು. ಸ್ಟೀರಿಂಗಿಗೆ ಸೇರಿದ ಮುಂದಿನ ಚಕ್ರಗಳಿಗೆ ಬೇಡ.

ಎರಡೇ ಹೊಸ ಟೈರ್ ಕೊಳ್ಳುವಷ್ಟು ಹಣವಿದ್ದಾಗ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವ ಕಾರಿಗೂ ಇದೇ ನಿಯಮ. ಅನೇಕರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಆದರೆ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಸರಿಯುತ್ತದೆ, ವೇಗ ತಗ್ಗಿಸಿ ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ; ಹಿಂದಿನ ಚಕ್ರ ಜಾರಿದರೆ ಇಡೀ ವಾಹನ ಬುಗುರಿಯಂತೆ ತಿರುಗುತ್ತದೆ.

ಕಳಚಿದ ಹಳೆಯ ಟೈರ್

ಹಳೆಯ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಉತ್ತಮ. ಬಳಕೆ ಮುಗಿದ ಟೈರಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮವನ್ನು ಕೇಂದ್ರ ಸರ್ಕಾರ 2022ರಲ್ಲಿ ಜಾರಿಗೆ ತಂದಿದೆ. ಹಾಗಾಗಿ ಅದಕ್ಕೆ ಈಗ ಬೇಡಿಕೆಯೂ ಇದೆ, ಮರಳಿ ಹೋಗುವ ದಾರಿಯೂ ಇದೆ.

ಅಡಿಕೆ ಬೇಯಿಸುವ ಒಲೆಗೆ, ಮಳೆಗಾಲದಲ್ಲಿ ಹಸಿ ಸೌದೆ ಹತ್ತಿಸಲು, ಚಳಿ ಕಾಯಿಸಲು ಟೈರಿನ ತುಂಡನ್ನು ಸುಡಬೇಡಿ. ಅದರ ಕಪ್ಪು ಹೊಗೆಯಲ್ಲಿ ಬೆಂಜೀನ್ ಮತ್ತು ಕ್ಯಾನ್ಸರ್ ತರಬಲ್ಲ ಇತರ ಪದಾರ್ಥಗಳಿವೆ; ಒಲೆಯ ಹತ್ತಿರ ಗಂಟೆಗಟ್ಟಲೆ ಕೂರುವವರು ಸಾಮಾನ್ಯವಾಗಿ ಮನೆಯ ಹೆಂಗಸರು ಮತ್ತು ಕೂಲಿಗೆ ಬಂದವರು. ಸುಟ್ಟಾಗ ಕರಗಿ ಇಳಿಯುವ ಎಣ್ಣೆ ಹಳ್ಳದ ನೀರಿಗೆ ಸೇರುತ್ತದೆ. ಗಿಡ ನೆಡಲು, ಮಕ್ಕಳ ಜೋಕಾಲಿಗೆ ಹಳೆಯ ಟೈರ್ ಬಳಸುವವರು ಕೆಳಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಲಿ. ಉಳಿದದ್ದನ್ನು ಮೇ ತಿಂಗಳೊಳಗೆ ಮಾರಿಬಿಡಿ ಅಥವಾ ಮಾಡಿನ ಕೆಳಗೆ ತನ್ನಿ. ಈಗಾಗಲೇ ಮಳೆ ಹಿಡಿದಿದ್ದರೆ ಇಂದೇ ಒಮ್ಮೆ ಕೊಟ್ಟಿಗೆಯ ಹಿಂದೆ ಹೋಗಿ ನೋಡಿ, ನೀರು ಚೆಲ್ಲಿ, ಒಳಗನ್ನು ಉಜ್ಜಿ ಬನ್ನಿ.